ಗಣಿಯ ಗಂಟೆಯೂ ಗಣಕದ ಆಜ್ಞೆಯೂ

೧. ವಿಷಯಪ್ರವೇಶ

ಆಜ್ಞೆಯ ಅರ್ಥವು ಅದರ ಶಬ್ದದಿಂದ ಎಷ್ಟರಮಟ್ಟಿಗೆ ನಿರ್ಣಯವಾಗುವುದೋ, ಅದನ್ನು ಪಡೆಯುವವನು ಆ ಕ್ಷಣದಲ್ಲಿರುವ ಸ್ಥಿತಿಯಿಂದಲೂ ಅಷ್ಟರಮಟ್ಟಿಗೇ ನಿರ್ಣಯವಾಗುತ್ತದೆ. ಈ ತತ್ತ್ವದ ಮೇಲೆ ಕಟ್ಟಿದ ರಚನೆಗೆ ಗಣಕಶಾಸ್ತ್ರದಲ್ಲಿ ಸ್ಥಿತಿಯಂತ್ರವೆಂದು ಹೆಸರು. ಬಳಸುವವನು ಕಳುಹಿಸಿದ ಅಕ್ಷರಗಳನ್ನು ಒಂದೊಂದಾಗಿ ಓದಿ, ಇದು ಯಾವ ಆಜ್ಞೆ, ಇದರ ವಿವರವೇನು, ಇದು ಪೂರ್ಣವಾಯಿತೆ ಎಂಬುದನ್ನು ಗೊತ್ತುಮಾಡುವ ಪ್ರೋಗ್ರಾಂ ಭಾಗವನ್ನು ಆಜ್ಞಾವಿಶ್ಲೇಷಕವೆಂದು ಕರೆಯಬಹುದು. ಇದನ್ನು ಸಿ ಎಂಬ ಭಾಷೆಯಲ್ಲಿ, ಬೇರೆ ಸಾಧನಗಳ ನೆರವಿಲ್ಲದೆ, ಸ್ಥಿತಿಯಂತ್ರದ ಕ್ರಮದಿಂದ ಕೈಯಾರೆ ರಚಿಸುವ ಪದ್ಧತಿಯು ಐವತ್ತು ವರ್ಷಗಳಿಂದ ನಡೆದುಬಂದಿದೆ.

ಇದು ದೂರದ ಪ್ರಯೋಗಶಾಲೆಗಳಲ್ಲಿ ಹುಟ್ಟಿದ ವಿದ್ಯೆ, ಕನ್ನಡ ನಾಡಿನ ಚರಿತ್ರೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಭಾವಿಸುವುದು ಸಹಜವೇ. ಆದರೆ ಇದರ ಮುಖ್ಯ ನಿಯಮಗಳು ಗಣಿಗಳಲ್ಲಿ ಬಹುಕಾಲದಿಂದ ಆಚರಣೆಯಲ್ಲಿದ್ದುವು. ಮನುಷ್ಯರ ಪ್ರಾಣವನ್ನು ಅವುಗಳ ಮೇಲೆ ಒಡ್ಡಿ ಬಾವಿಗಿಳಿಸುತ್ತಿದ್ದರು. ಅಂಥ ಗಣಿಗಳಲ್ಲಿ ಈ ದೇಶದಲ್ಲೇ ಅತ್ಯಂತ ಆಳವಾದವು ರಾಬರ್ಟ್‌ಸನ್‌ಪೇಟೆಯ ಮಗ್ಗುಲಲ್ಲಿದ್ದುವು. ಗಣಿಯ ಗಂಟೆಯ ಕ್ರಮವನ್ನೂ ಗಣಕದ ಆಜ್ಞಾವಿಶ್ಲೇಷಕವನ್ನೂ ಒಟ್ಟಿಗಿಟ್ಟು ನೋಡಿದರೆ, ಎರಡನೆಯದರಲ್ಲಿ ಯಾವುದು ಅಲಂಕಾರ, ಯಾವುದು ಅತ್ಯಾವಶ್ಯಕ ಎಂಬುದು ತಿಳಿಯುತ್ತದೆ. ಅದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಗಣಿಗಳೂ ಪೇಟೆಯೂ

ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬವನು ೧೮೦೨ರಲ್ಲಿ ಮಾರಿಕುಪ್ಪಂ, ಊರಿಗಾಂ ಮುಂತಾದ ಗ್ರಾಮಗಳ ಜನರು ಮಣ್ಣನ್ನು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಕಂಡು ವರದಿಮಾಡಿದನು. ಎಪ್ಪತ್ತು ವರ್ಷಗಳ ತರುವಾಯ, ೧೮೭೩ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲಾವೆಲ್ ಎಂಬವನು ಗಣಿಗೆಲಸಕ್ಕೆ ಮೈಸೂರು ಸರ್ಕಾರದ ಅನುಮತಿಯನ್ನು ಕೋರಿದನು. ೧೮೮೦ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯ ಆಡಳಿತದಲ್ಲಿ ಚಾಂಪಿಯನ್ ಎಂಬ ಅದಿರಿನ ಸಾಲು ದೊರೆತ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಬೆಳೆದುವು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲುಹಾದಿ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು ೯೨ ಮೈಲಿ ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಗಣಿಗಳಿಗೆ ಹರಿಯಿತು. ಆ ಕಾಲದಲ್ಲೇ ಗಣಿಪ್ರದೇಶದ ಪಕ್ಕದಲ್ಲಿ ಎದ್ದ ಪೇಟೆಗೆ ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರನ್ನಿಟ್ಟರು.

ಪ್ರಕೃತ ವಿಷಯಕ್ಕೆ ಮುಖ್ಯವಾದ ಸಂಗತಿಗಳು ಎರಡು. ಒಂದನೆಯದು ಆಳ. ಚಾಂಪಿಯನ್ ರೀಫ್ ಗಣಿಯು ಕೊನೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿಯಿತು. ಅಷ್ಟು ಆಳಕ್ಕೆ ಒಂದೇ ಹಗ್ಗದಲ್ಲಿ ಹೋಗುವಂತಿರಲಿಲ್ಲ. ಹಂತಹಂತವಾಗಿ ಬೇರೆ ಬೇರೆ ಷಾಫ್ಟುಗಳಲ್ಲಿ ಇಳಿಯಬೇಕಾಗಿತ್ತು. ಕೇಜನ್ನು ಎಳೆಯುವ ವೈಂಡಿಂಗ್ ಇಂಜಿನ್ನಿನ ಚಾಲಕನಿಗೆ ತಾನು ಹೊತ್ತ ಜನರೂ ಕಾಣರು, ಅವರ ಕೂಗೂ ಕೇಳದು. ಎರಡನೆಯದು ಭಾಷೆ. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ತಮಿಳರು, ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು, ಆಂಗ್ಲೋ‌ಇಂಡಿಯನ್ನರು ಒಂದೇ ಬಾವಿಯಲ್ಲಿ ದುಡಿಯುತ್ತಿದ್ದರು. ಎಲ್ಲರಿಗೂ ಒಂದೇ ಅರ್ಥವನ್ನು ಕೊಡಬಲ್ಲ ಭಾಷೆಯು ಈ ಭಾಷೆಗಳಲ್ಲಿ ಒಂದೂ ಅಲ್ಲ. ಅದು ಗಂಟೆಯ ಭಾಷೆ.

೩. ಗಂಟೆಯ ಸಂಜ್ಞಾಕ್ರಮ

ಹಿಂದಿನ ಗಣಿಗಳಲ್ಲಿ ಷಾಫ್ಟಿನುದ್ದಕ್ಕೂ ಒಂದು ತಂತಿಯನ್ನು ಇಳಿಬಿಟ್ಟು, ಕೆಳಗಿನಿಂದ ಅದನ್ನು ಎಳೆದಾಗ ಮೇಲಿನ ಸುತ್ತಿಗೆಯು ಒಂದು ಲೋಹದ ಹಲಗೆಯನ್ನು ಬಡಿಯುವಂತೆ ಮಾಡಿರುತ್ತಿದ್ದರು. ವಿದ್ಯುತ್ತಿನ ಗಂಟೆಗಳು ಬಂದ ಮೇಲೂ ನಿಯಮಗಳ ಭಾಷೆಯಲ್ಲಿ ‘ಬಡಿತ’ ಎಂಬ ಮಾತೇ ಉಳಿಯಿತು. ಬ್ರಿಟಿಷ್ ಗಣಿಗಳಲ್ಲಿ ನೆಲೆಗೊಂಡು, ಭಾರತದ ಗಣಿನಿಯಮಗಳಿಗೂ ಬಂದ ಸಂಜ್ಞಾಕ್ರಮದ ತಿರುಳು ಹೀಗಿದೆ:

ಇಂಜಿನ್ನು ನಿಂತಿರುವಾಗ ಒಂದು ಬಡಿತ: ಮೇಲಕ್ಕೆ ಎಳೆ.
ಇಂಜಿನ್ನು ಚಲಿಸುತ್ತಿರುವಾಗ ಒಂದು ಬಡಿತ: ನಿಲ್ಲಿಸು.
ಎರಡು ಬಡಿತ: ಕೆಳಕ್ಕೆ ಇಳಿಸು.
ಮೂರು ಬಡಿತ: ಜನರು ಕೇಜನ್ನು ಹತ್ತಲು ಸಿದ್ಧರಿದ್ದಾರೆ.
ಮರುಸಂಜ್ಞೆಯಾಗಿ ಮೂರು ಬಡಿತ: ಜನರು ಹತ್ತಬಹುದು.

ಮೊದಲ ಎರಡು ಸಾಲುಗಳನ್ನು ಲಕ್ಷ್ಯವಿಟ್ಟು ನೋಡತಕ್ಕದ್ದು. ಕಿವಿಗೆ ಬೀಳುವ ಶಬ್ದ ಒಂದೇ. ಆದರೆ ಒಂದು ಸ್ಥಿತಿಯಲ್ಲಿ ಅದು ಚಲನೆಯನ್ನು ಹುಟ್ಟಿಸುತ್ತದೆ, ಇನ್ನೊಂದು ಸ್ಥಿತಿಯಲ್ಲಿ ಚಲನೆಯನ್ನು ನಿಲ್ಲಿಸುತ್ತದೆ. ಸಂಜ್ಞೆಗಳನ್ನು ಮಿತಗೊಳಿಸುವುದಕ್ಕಾಗಿ ಮಾತ್ರ ಹೀಗೆ ಮಾಡಿದರೆಂದು ತಿಳಿಯಲಾಗದು. ಚಲಿಸುತ್ತಿರುವ ಕೇಜಿನಲ್ಲಿ ಅಪಾಯ ಕಂಡವನಿಗೆ ಎಣಿಸಲು ಸಮಯವಿರುವುದಿಲ್ಲ. ಆದಕಾರಣ ಅತ್ಯಂತ ತುರ್ತಿನ ಆಜ್ಞೆಗೆ ಅತ್ಯಂತ ಚಿಕ್ಕ ಸಂಜ್ಞೆಯು ಮೀಸಲಾಗಿದೆ.

ಈ ಕ್ರಮಕ್ಕೆ ಅಂಗವಾಗಿ ಇನ್ನು ಕೆಲವು ಕಟ್ಟುಪಾಡುಗಳಿದ್ದುವು. ಕೆಳಗಿನ ಆನ್‌ಸೆಟರೂ ಮೇಲೆ ಬಾವಿಯ ಬಾಯಲ್ಲಿದ್ದ ಬ್ಯಾಂಕ್ಸ್‌ಮನ್ನನೂ ಹೊರತು ಮಿಕ್ಕವರು ಸಾಮಾನ್ಯವಾಗಿ ಸಂಜ್ಞೆ ಕೊಡುವಂತಿರಲಿಲ್ಲ. ಸಂಜ್ಞೆಗಳ ಪಟ್ಟಿಯನ್ನು ಇಂಜಿನ್ ಮನೆಯಲ್ಲಿಯೂ ಕೇಜು ನಿಲ್ಲುವ ತಾಣಗಳಲ್ಲಿಯೂ ತೂಗುಹಾಕಬೇಕಾಗಿತ್ತು. ಸ್ಥಳೀಯವಾಗಿ ಬೇರೆ ಸಂಜ್ಞೆಗಳನ್ನು ಸೇರಿಸಬಹುದು, ಆದರೆ ಅವು ಮೂಲ ಸಂಜ್ಞೆಗಳಿಗೆ ಅಡ್ಡಬರಕೂಡದು. ಸಂಜ್ಞೆಯು ಅಸ್ಪಷ್ಟವಾಗಿ ಕೇಳಿದರೆ ಚಾಲಕನು ಊಹೆಯಿಂದ ಇಂಜಿನ್ನನ್ನು ಹೊರಡಿಸಕೂಡದು. ಅದು ಮತ್ತೆ ಬಂದು ಸ್ಪಷ್ಟವಾಗುವವರೆಗೆ ಕಾಯತಕ್ಕದ್ದು. ಈ ಕೊನೆಯ ನಿಯಮದ ಬೆಲೆಯು ಒಂದು ಉದಾಹರಣೆಯಿಂದ ತಿಳಿಯುತ್ತದೆ. ನಿಂತ ಕೇಜಿಗೆ ಕೊಟ್ಟ ಎರಡು ಬಡಿತಗಳಲ್ಲಿ ಒಂದು ಕೇಳದೆ ಹೋದರೆ, ‘ಇಳಿಸು’ ಎಂಬುದು ‘ಎಳೆ’ ಎಂದಾಗುತ್ತದೆ.

ಚಾಲಕನ ಮುಂದೆ ಆಳವನ್ನು ತೋರುವ ಸೂಚಕವಿರುತ್ತಿತ್ತು. ಕೇಜು ಎಲ್ಲಿದೆ, ಯಾವ ಕಡೆಗೆ ಸಾಗುತ್ತಿದೆ ಎಂಬುದು ಅದರಿಂದ ತಿಳಿಯುತ್ತಿತ್ತು. ಸಂಜ್ಞೆಯನ್ನು ಕಿವಿಯೂ ಸ್ಥಿತಿಯನ್ನು ಕಣ್ಣೂ ಗ್ರಹಿಸಿ, ಎರಡೂ ಕೂಡಿದಲ್ಲಿ ಮಾತ್ರ ಕೈಯು ಸನ್ನೆಕೋಲನ್ನು ಚಲಿಸಬೇಕು. ಕೆಳಗಿನವನು ಊಹಿಸಿಕೊಂಡ ಸ್ಥಿತಿಯೂ ಮೇಲಿನವನು ಕಂಡ ಸ್ಥಿತಿಯೂ ಒಂದೇ ಆಗಿರಬೇಕಾದುದು ಈ ಪದ್ಧತಿಯ ಪ್ರಾಣ.

೪. ತಂತಿಯ ಮೇಲಿನ ಬಡಿತಗಳು

ಗಣಿಯ ಗಂಟೆಯಿಂದ ಗಣಕದ ಶಾಸ್ತ್ರವು ನೇರವಾಗಿ ಹುಟ್ಟಿತೆಂದು ಹೇಳುವುದು ಸರಿಯಲ್ಲ. ಅದರ ವಂಶಾವಳಿಯು ದೂರವಾಣಿಯ ಮೂಲಕ ಬಂದಿದೆ. ಆದರೆ ದೂರವಾಣಿಯಲ್ಲಿಯೂ ಆಜ್ಞೆಯೆಂದರೆ ಬಡಿತಗಳ ಎಣಿಕೆಯೇ. ಅಮೆರಿಕೆಯ ಆಲ್ಮನ್ ಸ್ಟ್ರೌಜರನಿಗೆ ೧೮೯೧ರಲ್ಲಿ ಹಕ್ಕುಪತ್ರ ದೊರೆತ ಸ್ವಯಂಚಾಲಿತ ವಿನಿಮಯಯಂತ್ರವು ಬೆಳೆದು, ಡಯಲ್ ಚಕ್ರವು ಬಳಕೆಗೆ ಬಂದ ಮೇಲೆ, ಐದನ್ನು ತಿರುಗಿಸಿದರೆ ಐದು ಮಿಡಿತಗಳೂ ಸೊನ್ನೆಯನ್ನು ತಿರುಗಿಸಿದರೆ ಹತ್ತು ಮಿಡಿತಗಳೂ ತಂತಿಯಲ್ಲಿ ಹೋಗುತ್ತಿದ್ದುವು. ಒಂದು ಅಂಕಿಯು ಮುಗಿದು ಇನ್ನೊಂದು ಆರಂಭವಾಯಿತೆಂಬುದನ್ನು ತಿಳಿಸುವುದು ನಡುವಣ ಮೌನ. ಸಾವಕಾಶವಾಗಿ ಬಿಡುವ ರಿಲೇ ಎಂಬ ವಿದ್ಯುತ್ಕಾಂತದ ಕೀಲು ಮಿಡಿತಗಳ ನಡುವಿನ ಕಿರು ವಿರಾಮದಲ್ಲಿ ಬೀಳದೆ ನಿಂತು, ಅಂಕಿಗಳ ನಡುವಿನ ದೀರ್ಘ ವಿರಾಮದಲ್ಲಿ ಬಿದ್ದು, ಯಂತ್ರವನ್ನು ಮುಂದಿನ ಸ್ಥಿತಿಗೆ ಒಯ್ಯುತ್ತಿತ್ತು. ಎರಡನೆಯ ಅಂಕಿಯ ಮಿಡಿತಗಳು ಮೊದಲನೆಯದರ ಮಿಡಿತಗಳಂತೆಯೇ ಇದ್ದರೂ, ಯಂತ್ರದ ಸ್ಥಿತಿಯು ಬೇರೆಯಾದುದರಿಂದ ಅವುಗಳ ಫಲವೂ ಬೇರೆ.

ಈ ಸ್ಟ್ರೌಜರ್ ಯಂತ್ರಗಳನ್ನು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯು ತಯಾರಿಸಿತು. ೧೯೮೪ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ೧೨೮ ತಂತಿಗಳ ಗ್ರಾಮೀಣ ವಿನಿಮಯಕೇಂದ್ರವು ೧೯೮೬ರಲ್ಲಿ ಮೊಟ್ಟಮೊದಲು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸಮಾಡಿತು. ಅಲ್ಲಿ ರಿಲೇಗಳ ಕೆಲಸವು ಪ್ರೋಗ್ರಾಮಿನ ಕೈಗೆ ಬಂದಿತು. ಹೀಗೆ ಎಣಿಸಿ ಅರ್ಥಮಾಡುವ ಕಾರ್ಯವು ಮನುಷ್ಯನಿಂದ ರಿಲೇಗೆ, ರಿಲೇಯಿಂದ ಪ್ರೋಗ್ರಾಮಿಗೆ ಸಾಗಿದ ಕ್ರಮವನ್ನು ಕರ್ನಾಟಕದೊಳಗೇ ಗುರುತಿಸಬಹುದು.

೫. ಶಾಸ್ತ್ರದ ಉದಯ

ಆಚರಣೆಯಲ್ಲಿದ್ದುದಕ್ಕೆ ಶಾಸ್ತ್ರರೂಪವು ಬಂದುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಮೆಕಲಕ್ ಮತ್ತು ಪಿಟ್ಸ್ ಎಂಬವರು ೧೯೪೩ರಲ್ಲಿ ನರತಂತುಗಳ ಜಾಲವನ್ನು ಗಣಿತದ ರೀತಿಯಲ್ಲಿ ವರ್ಣಿಸಿದರು. ಡೇವಿಡ್ ಹಫ್‌ಮನ್ ೧೯೫೪ರಲ್ಲಿಯೂ, ಬೆಲ್ ಪ್ರಯೋಗಶಾಲೆಯ ಜಾರ್ಜ್ ಮೀಲಿ ೧೯೫೫ರಲ್ಲಿಯೂ, ಅದೇ ಶಾಲೆಯ ಎಡ್ವರ್ಡ್ ಮೂರ್ ೧೯೫೬ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಸ್ಥಿತಿಯಂತ್ರವು ಸ್ಪಷ್ಟವಾದ ಆಕಾರವನ್ನು ಪಡೆಯಿತು. ಸ್ಥಿತಿಗಳ ಒಂದು ಪರಿಮಿತ ಸಮೂಹ, ಒಳಬರುವ ಸಂಜ್ಞೆಗಳ ಒಂದು ಪರಿಮಿತ ಸಮೂಹ, ಪ್ರತಿಯೊಂದು ಸ್ಥಿತಿಗೂ ಪ್ರತಿಯೊಂದು ಸಂಜ್ಞೆಗೂ ಮುಂದಿನ ಸ್ಥಿತಿ ಯಾವುದೆಂಬ ಕೋಷ್ಟಕ: ಇಷ್ಟೇ ಅದರ ಲಕ್ಷಣ.

ಮೀಲಿಯ ಯಂತ್ರದಲ್ಲಿ ಫಲವು ಸ್ಥಿತಿ ಮತ್ತು ಸಂಜ್ಞೆ ಎರಡನ್ನೂ ಅವಲಂಬಿಸುತ್ತದೆ; ಮೂರನ ಯಂತ್ರದಲ್ಲಿ ಸ್ಥಿತಿಯನ್ನು ಮಾತ್ರ. ಬಡಿತವನ್ನು ಕೇಳಿ ಸನ್ನೆಕೋಲನ್ನು ಚಲಿಸುವ ವೈಂಡಿಂಗ್ ಚಾಲಕನು ಮೀಲಿಯ ವರ್ಗಕ್ಕೂ, ಕೇಜಿರುವ ಎಡೆಯನ್ನು ತೋರುವುದಷ್ಟೇ ಕೆಲಸವಾದ ಆಳಸೂಚಕವು ಮೂರನ ವರ್ಗಕ್ಕೂ ಸೇರತಕ್ಕವು. ಈ ಯಂತ್ರಕ್ಕೆ ಒಂದು ಮಿತಿಯೂ ಉಂಟು. ಎಷ್ಟು ಆಳವೆಂದು ಗೊತ್ತಿಲ್ಲದಂತೆ ಒಂದರೊಳಗೊಂದು ಸೇರಿದ ಕಂಸಗಳನ್ನು ಅದು ಸರಿಗೂಡಿಸಲಾರದು. ಅದಕ್ಕೆ ಅಷ್ಟು ನೆನಪಿಲ್ಲ. ಆದರೆ ಒಂದು ಕ್ರಿಯೆ, ಒಂದೆರಡು ವಿವರಗಳು, ಒಂದು ಮುಕ್ತಾಯ ಎಂಬ ರೂಪದ ಆಜ್ಞೆಗಳಿಗೆ ಅಷ್ಟು ನೆನಪು ಬೇಕಾಗಿಯೂ ಇಲ್ಲ.

೬. ಸಿ ಭಾಷೆಯಲ್ಲಿ ಕೈಯಾರೆ ರಚನೆ

ಬೆಲ್ ಪ್ರಯೋಗಶಾಲೆಯಲ್ಲೇ ಡೆನಿಸ್ ರಿಚಿಯವರು ೧೯೭೨ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದರು. ಅವರೂ ಬ್ರಯನ್ ಕರ್ನಿಘನ್ನರೂ ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ ಪದಗಳನ್ನೆಣಿಸುವ ಒಂದು ಚಿಕ್ಕ ಪ್ರೋಗ್ರಾಂ ಇದೆ. ಅದಕ್ಕೆ ಪದದ ಒಳಗಿರುವುದು, ಪದದ ಹೊರಗಿರುವುದು ಎಂಬ ಎರಡೇ ಸ್ಥಿತಿಗಳು. ಹೊರಗಿನಿಂದ ಒಳಗೆ ದಾಟಿದಾಗಲೆಲ್ಲ ಲೆಕ್ಕವು ಒಂದು ಹೆಚ್ಚುತ್ತದೆ. ಕೈಯಾರೆ ರಚಿಸುವ ಆಜ್ಞಾವಿಶ್ಲೇಷಕವು ಇದರ ವಿಸ್ತಾರವೇ.

ಭಾರವೆತ್ತುವ ಒಂದು ಯಂತ್ರಕ್ಕೆ ‘ಇಳಿಸು ೨೦೦’ ಎಂಬ ಆಜ್ಞೆಯು ಬರುತ್ತದೆಂದು ಇಟ್ಟುಕೊಳ್ಳಬಹುದು. ಆರಂಭ, ಪದ, ಅಂತರ, ಸಂಖ್ಯೆ, ದೋಷ ಎಂಬ ಐದು ಸ್ಥಿತಿಗಳು ಸಾಕು. ಆರಂಭದಲ್ಲಿ ಬರುವ ಖಾಲಿ ಜಾಗಗಳು ಸ್ಥಿತಿಯನ್ನು ಬದಲಿಸುವುದಿಲ್ಲ. ಮೊದಲ ಅಕ್ಷರವು ಬಂದೊಡನೆ ಪದದ ಸ್ಥಿತಿ. ಅಕ್ಷರಗಳು ಒಂದು ಮಿತವಾದ ಉಗ್ರಾಣದಲ್ಲಿ ಸೇರುತ್ತವೆ. ಖಾಲಿ ಜಾಗವು ಬಂದರೆ ಅಂತರದ ಸ್ಥಿತಿ. ಅಂಕಿ ಬಂದರೆ ಸಂಖ್ಯೆಯ ಸ್ಥಿತಿ. ಅಲ್ಲಿ ಹಿಂದಿನ ಮೊತ್ತವನ್ನು ಹತ್ತರಿಂದ ಗುಣಿಸಿ ಹೊಸ ಅಂಕಿಯನ್ನು ಕೂಡಿಸಬೇಕು. ಸಾಲು ಮುಗಿದ ಗುರುತು ಬಂದ ಮೇಲೆ ಮಾತ್ರ, ಸಂಗ್ರಹಿಸಿದ ಪದವನ್ನು ಆಜ್ಞೆಗಳ ಪಟ್ಟಿಯೊಡನೆ ಹೋಲಿಸಿ, ಕ್ರಿಯೆಯನ್ನು ನಡೆಸಿ, ಆರಂಭಕ್ಕೆ ಮರಳುವುದು. ಸಂಖ್ಯೆಯ ನಡುವೆ ಅಕ್ಷರವು ಬಂದರೆ, ಅಥವಾ ಪದವು ಉಗ್ರಾಣದ ಅಳತೆಯನ್ನು ಮೀರಿದರೆ, ದೋಷದ ಸ್ಥಿತಿ. ಅಲ್ಲಿಂದ ಮುಂದೆ ಸಾಲಿನ ಕೊನೆಯವರೆಗೆ ಬಂದುದನ್ನೆಲ್ಲ ನುಂಗಿಬಿಡಬೇಕು. ಇಲ್ಲದೆ ಹೋದರೆ ಕೆಟ್ಟ ಆಜ್ಞೆಯ ಬಾಲವನ್ನು ಹೊಸ ಆಜ್ಞೆಯ ತಲೆಯೆಂದು ಯಂತ್ರವು ಓದೀತು.

ಇದನ್ನು ಸಿ ಭಾಷೆಯಲ್ಲಿ ಎರಡು ಬಗೆಯಾಗಿ ಬರೆಯುವುದು ವಾಡಿಕೆ. ಎನಮ್ ಎಂಬ ಘೋಷಣೆಯಿಂದ ಸ್ಥಿತಿಗಳಿಗೆ ಹೆಸರಿಟ್ಟು, ಸ್ವಿಚ್ ಎಂಬ ಕವಲುವಾಕ್ಯದಲ್ಲಿ ಒಂದೊಂದು ಸ್ಥಿತಿಗೂ ಒಂದೊಂದು ಶಾಖೆಯನ್ನು ಬರೆಯುವುದು ಒಂದು ಬಗೆ. ಸ್ಥಿತಿಯನ್ನು ಅಡ್ಡಸಾಲಾಗಿಯೂ ಅಕ್ಷರದ ವರ್ಗವನ್ನು ನೀಟಸಾಲಾಗಿಯೂ ಇಟ್ಟು ಕೋಷ್ಟಕವನ್ನು ರಚಿಸಿ, ಅದರ ಮನೆಗಳಲ್ಲಿ ಮುಂದಿನ ಸ್ಥಿತಿಯನ್ನೂ ಮಾಡತಕ್ಕ ಕ್ರಿಯೆಯ ವಿಳಾಸವನ್ನೂ ತುಂಬುವುದು ಇನ್ನೊಂದು. ಮೊದಲನೆಯದು ಓದಲು ಸುಲಭ. ಎರಡನೆಯದರಲ್ಲಿ ಖಾಲಿ ಉಳಿದ ಮನೆಯು ಕಣ್ಣಿಗೆ ಹೊಡೆದು ಕಾಣುತ್ತದೆ. ಇಂಜಿನ್ ಮನೆಯ ಗೋಡೆಯ ಸಂಜ್ಞಾಫಲಕವು ಇಂಥ ಕೋಷ್ಟಕವೇ ಸರಿ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಲೆಕ್ಸ್ ಮತ್ತು ಯಾಕ್ ಎಂಬ, ವಿಶ್ಲೇಷಕಗಳನ್ನು ತಾವೇ ರಚಿಸಿಕೊಡುವ ಸಾಧನಗಳ ವರದಿಗಳು ೧೯೭೫ರಲ್ಲೇ ಪ್ರಕಟವಾಗಿರುವಾಗ ಕೈಯಿಂದ ಬರೆಯುವ ಶ್ರಮವೇಕೆ? ಇದಕ್ಕೆ ಸಮಾಧಾನ ಹೀಗೆ. ದೊಡ್ಡ ಭಾಷೆಗಳಿಗೆ ಆ ಸಾಧನಗಳು ಉಚಿತವೇ. ಆದರೆ ಒಂದು ಚಿಕ್ಕ ಯಂತ್ರದೊಳಗಿನ ಪ್ರೋಗ್ರಾಮಿಗೆ ಸ್ಮೃತಿಯು ಅಲ್ಪ. ಅಕ್ಷರಗಳು ಬಿಡಿಬಿಡಿಯಾಗಿ, ಯಾವಾಗಲೋ ಬರುತ್ತವೆ. ಅವುಗಳಿಗಾಗಿ ಕಾಯುತ್ತ ಇತರ ಕೆಲಸವನ್ನು ನಿಲ್ಲಿಸುವಂತಿಲ್ಲ. ಸ್ಥಿತಿಯೊಂದನ್ನು ನೆನಪಿನಲ್ಲಿಟ್ಟು, ಒಂದು ಅಕ್ಷರ ಬಂದಾಗ ಒಂದು ಹೆಜ್ಜೆಯಿಟ್ಟು, ಒಡನೆಯೇ ಮರಳುವ ರಚನೆಯು ಇಂಥಲ್ಲಿ ಹೊಂದುತ್ತದೆ. ಇದಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಸ್ಥಿತಿಯಲ್ಲಿ ಪ್ರತಿಯೊಂದು ಸಂಜ್ಞೆಗೂ ಏನು ಗತಿಯೆಂಬುದನ್ನು ಬರೆಯುವವನು ತಾನೇ ಯೋಚಿಸಬೇಕಾಗುತ್ತದೆ.

೭. ಸ್ಥಿತಿಯನ್ನು ಮರೆತಾಗ

೧೯೮೧ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಂ ಎಂಬ ಯಂತ್ರವು ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ದೂರವಾಣಿಯ ತಂತಿಯಲ್ಲಿ ಗಣಕಗಳನ್ನು ಜೋಡಿಸುತ್ತಿದ್ದ ಇದಕ್ಕೆ ಆಜ್ಞೆಯ ಸ್ಥಿತಿ, ಸಂಪರ್ಕದ ಸ್ಥಿತಿ ಎಂದು ಎರಡು. ಆಜ್ಞೆಯ ಸ್ಥಿತಿಯಲ್ಲಿ ‘ಕರೆಯನ್ನು ಮುಗಿಸು’ ಎಂಬ ಅರ್ಥವುಳ್ಳ ಅಕ್ಷರಗಳು ಸಂಪರ್ಕದ ಸ್ಥಿತಿಯಲ್ಲಿ ಆಚೆಗೆ ಸಾಗಿಸಬೇಕಾದ ಬರಿಯ ಮಾತುಗಳು. ಸಂಪರ್ಕದಿಂದ ಆಜ್ಞೆಗೆ ಮರಳಲು ಮೂರು ಸಲ ಕೂಡುಗುರುತನ್ನು ಒತ್ತಬೇಕು. ಅದರ ಹಿಂದೆಯೂ ಮುಂದೆಯೂ ಒಂದು ಸೆಕೆಂಡಿನ ಮೌನವಿರಬೇಕು. ಬಡಿತಗಳ ಅರ್ಥವನ್ನು ಮೌನವು ಬೇರ್ಪಡಿಸುವ ಹಳೆಯ ಉಪಾಯವೇ ಇಲ್ಲಿ ಮತ್ತೆ ಕಾಣುತ್ತದೆ. ೧೯೮೨ರ ವಿದ್ಯುನ್ಮಾನ ಅಂಚೆಯ ನಿಯಮಾವಳಿಯಲ್ಲಿಯೂ ಆಜ್ಞೆಗಳಿಗೆ ಅನುಕ್ರಮವಿದೆ. ತಿಳಿಯದ ಆಜ್ಞೆಗೆ ೫೦೦ ಎಂಬ ಉತ್ತರವನ್ನೂ, ತಿಳಿದದ್ದೇ ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಆಜ್ಞೆಗೆ ೫೦೩ ಎಂಬ ಬೇರೆ ಉತ್ತರವನ್ನೂ ಅದು ವಿಧಿಸಿತು.

ಈ ನಿಯಮಗಳನ್ನು ಬಿಟ್ಟರೆ ಏನಾಗುವುದೆಂಬುದು ೧೯೮೮ರ ನವೆಂಬರಿನಲ್ಲಿ ಲೋಕಕ್ಕೆ ತಿಳಿಯಿತು. ಮಾರಿಸ್ ವರ್ಮ್ ಎಂದು ಹೆಸರಾದ ಪ್ರೋಗ್ರಾಂ ಒಂದು ಅಂದಿನ ಇಂಟರ್‌ನೆಟ್ಟಿನ ಸಾವಿರಾರು ಗಣಕಗಳನ್ನು ಹೊಕ್ಕಿತು. ಅದು ಹೊಕ್ಕ ದಾರಿಗಳಲ್ಲಿ ಎರಡು ಪ್ರಕೃತ ವಿಷಯಕ್ಕೆ ಸೇರಿದವು. ಫಿಂಗರ್ ಎಂಬ ಸೇವೆಯು ಬಂದ ಸಾಲನ್ನು ಸಿ ಭಾಷೆಯ ಗೆಟ್ಸ್ ಎಂಬ ಕಾರ್ಯದಿಂದ ಓದುತ್ತಿತ್ತು. ಉಗ್ರಾಣದಲ್ಲಿ ೫೧೨ ಅಕ್ಷರಗಳಿಗೆ ಮಾತ್ರ ಸ್ಥಳವಿದ್ದರೂ ಗೆಟ್ಸ್ ಅದನ್ನು ವಿಚಾರಿಸುತ್ತಿರಲಿಲ್ಲ. ಮಿಕ್ಕ ಅಕ್ಷರಗಳು ಗೋಡೆಯನ್ನು ದಾಟಿ ಪ್ರೋಗ್ರಾಮಿನ ಮೇಲೆಯೇ ಹತೋಟಿ ಪಡೆದುವು. ಸೆಂಡ್‌ಮೇಲ್ ಎಂಬ ಅಂಚೆಯ ಪ್ರೋಗ್ರಾಮಿನಲ್ಲಿಯೋ, ಪರೀಕ್ಷೆಗಾಗಿ ಇಟ್ಟಿದ್ದ ಒಂದು ಆಜ್ಞೆಯು ಹೊರಗಿನವರಿಗೂ ತೆರೆದೇ ಇತ್ತು. ಹೆಚ್ಚಿನ ಸಂಜ್ಞೆಗಳು ಮೂಲ ಸಂಜ್ಞೆಗಳಿಗೆ ಅಡ್ಡಬರಕೂಡದು, ಸಂಜ್ಞೆ ಕೊಡುವವನು ಅದಕ್ಕೆ ನಿಯುಕ್ತನಾಗಿರಬೇಕು ಎಂಬ ಗಣಿಯ ಕಟ್ಟುಪಾಡುಗಳನ್ನು ಇಲ್ಲಿ ನೆನೆಯಬಹುದು. ಗೆಟ್ಸ್ ಕಾರ್ಯವನ್ನು ಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದುದು ೨೦೧೧ರಲ್ಲಿ.

೮. ಉಪಸಂಹಾರ

ಮೇಲಣ ವಿಚಾರದಿಂದ ತೇಲುವ ಅಂಶಗಳು ನಾಲ್ಕು. ಸಂಜ್ಞೆಯ ಅರ್ಥವನ್ನು ಸ್ಥಿತಿಯೊಡನೆ ಕೂಡಿಸಿಯೇ ನಿರ್ಣಯಿಸಬೇಕು. ಸಂಜ್ಞೆ ಮುಗಿಯಿತೆಂಬುದಕ್ಕೆ ಸ್ಪಷ್ಟವಾದ ಗುರುತು ಬೇಕು. ಸಂದಿಗ್ಧವಾದಲ್ಲಿ ಕ್ರಿಯೆಗೆ ತೊಡಗಬಾರದು. ಎಲ್ಲ ಸ್ಥಿತಿಗಳೂ ಎಲ್ಲ ಸಂಜ್ಞೆಗಳೂ ಒಂದು ಫಲಕದ ಮೇಲೆ ಕಾಣುವಂತಿರಬೇಕು. ಕೈಯಾರೆ ವಿಶ್ಲೇಷಕವನ್ನು ಬರೆಯುವವನು ಸ್ವಿಚ್ ವಾಕ್ಯವನ್ನು ಬಿಟ್ಟು ಕೋಷ್ಟಕವನ್ನು ಹಿಡಿಯಬಹುದು, ಸಿ ಭಾಷೆಯನ್ನು ಬಿಟ್ಟು ಬೇರೊಂದನ್ನು ಹಿಡಿಯಬಹುದು. ಈ ನಾಲ್ಕನ್ನು ಮಾತ್ರ ಬಿಡುವಂತಿಲ್ಲ. ಗಣಿಯಲ್ಲಿ ಇವುಗಳನ್ನು ನೆಲೆಗೊಳಿಸಿದುದು ಗಣಿತದ ಪ್ರಮೇಯವಲ್ಲ, ಅಪಘಾತಗಳ ಅನುಭವ.

ಕೋಲಾರದ ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೂ ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಗೆ ಸೇರಿ, ೨೦೦೧ರಲ್ಲಿ ಮುಚ್ಚಿಹೋದುವು. ಅವುಗಳ ಚಿನ್ನದ ಲೆಕ್ಕವನ್ನೂ ಬಾವಿಗಳ ಆಳವನ್ನೂ ಚರಿತ್ರಕಾರರು ಬರೆದಿದ್ದಾರೆ. ಇಂಜಿನ್ ಮನೆಯ ಸಂಜ್ಞಾಫಲಕ, ಚಾಲಕರ ದಿನಚರಿಯ ಪುಸ್ತಕ, ಸ್ಥಳೀಯವಾಗಿ ಸೇರಿಸಿಕೊಂಡ ಬಡಿತಗಳ ಪಟ್ಟಿ, ಇವು ಚಿಕ್ಕ ವಸ್ತುಗಳೆಂದು ತೋರಬಹುದು. ಆದರೆ ಮಾತಿಲ್ಲದ ಒಂದು ಭಾಷೆಯ ವ್ಯಾಕರಣಕ್ಕೆ ಇವೇ ಆಧಾರ. ಗಂಟೆಯನ್ನು ಕೇಳಿ ದುಡಿದವರು ರಾಬರ್ಟ್‌ಸನ್‌ಪೇಟೆಯಲ್ಲಿಯೂ ಸುತ್ತಣ ಗಣಿಕಾಲೊನಿಗಳಲ್ಲಿಯೂ ಇರುವಾಗಲೇ, ಒಂದೊಂದು ಷಾಫ್ಟಿನ ಸಂಜ್ಞೆಗಳನ್ನು ಅವರಿಂದ ಕೇಳಿ, ಸ್ಥಿತಿಯೊಡನೆ ಕೋಷ್ಟಕವಾಗಿ ಬರೆದಿಡುವ ಕಾರ್ಯವು ಸಂಶೋಧಕರ ಗಮನಕ್ಕೆ ಅರ್ಹವಾಗಿದೆ.